ಗೋಲ್ ಕಂಬದ ಮೇಲಿನ ಡಾರ್ಲಾ

ನಮ್ಮ ಕೋಲ್ಬರ್ನ್ ಫೋರ್ಕ್‌ನ ಯಾವ ಹೋಟೆಲಿಗೆ ಕಾಲಿಟ್ಟರೂ ಡಾರ್ಲಾ ಪಿಟ್ಮನ್ ಎದುರಿಗೆ ಕಾಫಿ ತಾನಾಗಿ ಬಂದು ಕೂರುತ್ತದೆ. ಗೋಡೆಯ ಮೇಲೆ ಅವಳ ಹಳೆಯ ಫೋಟೋ ಇರುತ್ತದಲ್ಲ, ಅದಕ್ಕೆ. ಹತ್ತೊಂಬತ್ತರ ಹುಡುಗಿ ಗೋಲ್ ಕಂಬದ ಅಡ್ಡಪಟ್ಟಿಯ ಮೇಲೆ ಕುದುರೆ ಏರಿದ ಹಾಗೆ ಕೂತಿದ್ದಾಳೆ, ಕೆಳಗೆ ಕಿಕ್ಕಿರಿದ ಜನ, ಅವಳ ಬಾಯಿ ಇಷ್ಟಗಲ ತೆರೆದಿದೆ. ಅದು ಥಾರ್ನ್‌ಡೈಕ್ ಕಾಲೇಜಿನ ನಮ್ಮ ಹುಡುಗರು ಗ್ರಾನ್‌ವಿಕ್ ಯೂನಿವರ್ಸಿಟಿಯನ್ನು ಸೋಲಿಸಿದ ದಿನ. ಗ್ರಾನ್‌ವಿಕ್‌ನವರು ನಮ್ಮೂರಿಗೆ ನಮ್ಮ ಅಮೆರಿಕದ ಫುಟ್‌ಬಾಲ್ ಆಡಲು ಬರುತ್ತಿದ್ದದ್ದೇ ಕೈಕಾಲು ಸಡಿಲ ಮಾಡಿಕೊಳ್ಳಲು. ಆವತ್ತು ಮುಖ ಒಣಗಿಸಿಕೊಂಡು ಬಸ್ಸು ಹತ್ತಿದರು. ನಮ್ಮವರು ಮೈದಾನಕ್ಕೆ ನುಗ್ಗಿ ಗೋಲ್ ಕಂಬ ಕಿತ್ತು, ಹೊತ್ತುಕೊಂಡು ಊರೆಲ್ಲ ಸುತ್ತಿ, ಗರಗಸದಲ್ಲಿ ತುಂಡು ಮಾಡಿ ಹಂಚಿಕೊಂಡರು. ಇವತ್ತಿಗೂ ಮನೆಮನೆಯ ಷೋಕೇಸಿನಲ್ಲಿ ಒಂದೊಂದು ತುಂಡು ಇದೆ. ಎಲ್ಲವನ್ನೂ ಸೇರಿಸಿದರೆ ಐದಾರು ಮೈದಾನಕ್ಕೆ ಸಾಲುವಷ್ಟು ಕಂಬಗಳಾದಾವು. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇಲ್ಲ.

ಆ ಫೋಟೋದಲ್ಲಿ ಡಾರ್ಲಾ ಖುಷಿಗೆ ಕೂಗುತ್ತಿಲ್ಲ, ಹೆದರಿ ಚೀರುತ್ತಿದ್ದಾಳೆ. ಯಾರೋ ಪಡ್ಡೆ ಹುಡುಗರು ಅವಳನ್ನು ಎತ್ತಿ ಮೇಲೆ ಕೂರಿಸಿದ್ದರು. ಕಂಬ ಅಲುಗಾಡುತ್ತಿತ್ತು, ಇಳಿಸಿ ಎಂದರೆ ಕೇಳುವವರಿಲ್ಲ. ಇಳಿಸಲೆಂದು ಕೈಚಾಚಿಕೊಂಡು ಬಂದವನು ಊರಿನ ಹುಡುಗ ಲಯ್ಲ್ ಒಬ್ಬನೇ. ಅವನು ಸರಿಯಾಗಿ ಕೆಳಗೆ ನಿಂತಾಗಲೇ ಕಂಬ ಬುಡದಲ್ಲಿ ಮುರಿಯಿತು. ಡಾರ್ಲಾ ಜನರ ತಲೆಗಳ ಮೇಲೆ ಬಿದ್ದು ಬದುಕಿಕೊಂಡಳು. ಕಂಬ ಲಯ್ಲ್‌ನ ಸೊಂಟದ ಮೇಲೆ ಬಿತ್ತು. ಮರುಕ್ಷಣವೇ ಜನ ಜೈಕಾರ ಹಾಕುತ್ತ ಕಂಬ ಎತ್ತಿಕೊಂಡು ಹೋದರು. ಕೆಳಗೆ ಒಬ್ಬ ಮನುಷ್ಯ ಬಿದ್ದಿದ್ದಾನೆಂದು ಒಬ್ಬರೂ ತಿರುಗಿ ನೋಡಲಿಲ್ಲ.

ಲಯ್ಲ್ ಆಸ್ಪತ್ರೆಯಲ್ಲಿ ಎಲ್ಲರಿಗೂ ಹೇಳಿದ್ದು ಬೇರೆಯೇ: ಖುಷಿಯಲ್ಲಿ ಮೆಟ್ಟಿಲ ಮೇಲೆ ಓಡುವಾಗ ಜಾರಿದೆ ಅಂತ. "ಕಂಬ ಎಳೆದೋರೆಲ್ಲ ನನ್ನ ಸ್ನೇಹಿತರು ಕಣೇ. ಊರಿಗಿರೋದು ಇದೊಂದೇ ಸಂತೋಷ, ಅದನ್ನ ಯಾಕೆ ಕೆಡಿಸ್ಬೇಕು" ಎಂದು ಡಾರ್ಲಾಳ ಬಾಯಿ ಕಟ್ಟಿದ. ಅವಳು ಅವನನ್ನೇ ಮದುವೆಯಾದಳು. ಬದುಕಿಡೀ ಸ್ಕೂಲ್ ಬಸ್ ಓಡಿಸಿದಳು. ಬೆಟ್ಟದ ತಿರುವಿನಲ್ಲಿ, ಮಂಜಿನಲ್ಲಿ, ಎಲ್ಲೂ ಹೆದರಲಿಲ್ಲ. ಏಣಿ ಮಾತ್ರ ಮುಟ್ಟಲಿಲ್ಲ. ಮನೆಯಲ್ಲಿ ಬಲ್ಬ್ ಹೋದರೆ ಕುಂಟುತ್ತ ಬಂದು ಲಯ್ಲ್‌ನೇ ಬದಲಾಯಿಸುತ್ತಿದ್ದ. ಅವನು ತೀರಿಕೊಂಡ ಮೇಲೂ ಡಾರ್ಲಾ ಗುಟ್ಟು ಬಿಡಲಿಲ್ಲ, ಬಿಟ್ಟಿ ಕಾಫಿ ಕುಡಿಯುತ್ತ ನಕ್ಕಳು. ನಮ್ಮಂಥ ಊರಿನಲ್ಲಿ ಹಾಗೆ ನಗುವುದು ಬಸ್ ಓಡಿಸುವುದಕ್ಕಿಂತ ಕಷ್ಟದ ಕೆಲಸ.

ಈ ಅಕ್ಟೋಬರಿನಲ್ಲಿ ಗ್ರಾನ್‌ವಿಕ್ ಮತ್ತೆ ಬಂತು. ಪಂದ್ಯದ ದಿನ ಬೆಳಿಗ್ಗೆ ಮೊಮ್ಮಗಳು ಬ್ರಿನ್ ಕೆನ್ನೆಗೆಲ್ಲ ಥಾರ್ನ್‌ಡೈಕ್‌ನ ಹಸಿರು ಬಳಿದುಕೊಂಡು ಅಡುಗೆಮನೆಗೆ ನುಗ್ಗಿದಳು. ಅದೇ ಕಾಲೇಜಿನಲ್ಲಿ ಮೊದಲ ವರ್ಷ ಓದುವ ಹುಡುಗಿ.

"ಅಜ್ಜಿ, ಇವತ್ತು ಗೆದ್ರೆ ಕಂಬದ ಮೇಲೆ ಯಾರು ಹೇಳು? ನಾನೇ! ಹುಡುಗರ ಹತ್ರ ಮಾತಾಡಿಟ್ಟಿದೀನಿ, ಎತ್ತಿ ಕೂರಿಸ್ತಾರೆ."

ಡಾರ್ಲಾಳ ಕೈಯಲ್ಲಿದ್ದ ತಟ್ಟೆ ಸಿಂಕಿಗೆ ಬಿತ್ತು. "ಬೇಡ ಮಗೂ" ಎಂದಳು.

"ನೀನು ಹತ್ತಬಹುದು, ನಾನು ಹತ್ತಬಾರದಾ?" ಎಂದು ಬ್ರಿನ್ ನಕ್ಕು ಓಡಿಹೋದಳು.

ಕರೆದು ನಿಲ್ಲಿಸಿ ಹೇಳಬಹುದಿತ್ತು. ಗೆದ್ದರೆ ತಾನೇ ಎಂದು ಡಾರ್ಲಾ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಗ್ರಾನ್‌ವಿಕ್ ಎದುರು ನಾವು ಗೆದ್ದದ್ದು ಜನ್ಮಕ್ಕೊಂದು ಸಲ.

ಮೈದಾನದಲ್ಲಿ ಪಕ್ಕದ ಸೀಟು ಎಂದಿನಂತೆ ಹೋಬರ್ಟ್‌ನದು. ಹಳೆಯ ಕ್ಷೌರಿಕ, ಲಯ್ಲ್‌ನ ಜೀವದ ಗೆಳೆಯ. ಅವತ್ತು ಕಂಬಕ್ಕೆ ಮೊದಲು ಕೈ ಹಾಕಿದವನು ತಾನೇ ಎಂದು ಅವನು ಕೂದಲು ಕತ್ತರಿಸಿದ ಪ್ರತಿ ತಲೆಗೂ ಹೇಳಿದ್ದಾನೆ. ಮೊದಲರ್ಧದಲ್ಲಿ ನಮ್ಮವರು ಚೆನ್ನಾಗಿ ಏಟು ತಿಂದರು. ಡಾರ್ಲಾಳ ಉಸಿರು ನೆಟ್ಟಗಾಯಿತು. ಆಮೇಲೆ ಆ ಹಾಳಾದ ಹುಡುಗರಿಗೆ ಅದೇನು ಹೊಕ್ಕಿತೋ, ಒಂದಾದ ಮೇಲೊಂದು ಅಂಕ ಗಳಿಸುತ್ತ ಬಂದರು. ಹೋಬರ್ಟ್ ಬೆಂಚಿನ ಮೇಲೆ ಹತ್ತಿ ಕುಣಿದ.

"ನೋಡೇ ಡಾರ್ಲಾ! ಅವತ್ತೂ ಹಿಂಗೇ ಅಲ್ವೇನೇ?"

"ಹೌದು" ಎಂದಳು ಡಾರ್ಲಾ. ಅವಳ ಕಣ್ಣು ವಿದ್ಯಾರ್ಥಿಗಳ ಗುಂಪಿನಲ್ಲಿ ಬ್ರಿನ್‌ಳನ್ನು ಹುಡುಕುತ್ತಿತ್ತು.

ಕೊನೆಯ ಗಳಿಗೆಗೆ ಎರಡೇ ಅಂಕದ ಅಂತರ ಉಳಿಯಿತು. ನಮ್ಮವರಿಗೆ ಒಂದು ಕಿಕ್ ಬಾಕಿ. ಚೆಂಡು ಎರಡು ಕಂಬಗಳ ನಡುವೆ ಹಾದರೆ ಮೂರು ಅಂಕ, ಗೆಲುವು ನಮ್ಮದು. ವಿದ್ಯಾರ್ಥಿಗಳೆಲ್ಲ ಕೆಳಗಿಳಿದು ಬೇಲಿಗೆ ಒತ್ತಿಕೊಂಡು ನಿಂತರು. ಎಲ್ಲರಿಗಿಂತ ಮುಂದೆ ಬ್ರಿನ್, ಒಂದು ಕಾಲು ಆಗಲೇ ಬೇಲಿಯ ಮೇಲಿತ್ತು. ಅವಳ ಹಿಂದೆ ಎತ್ತಲು ತಯಾರಾದ ಗೂಳಿಯಂಥ ಇಬ್ಬರು ಹುಡುಗರು.

ಡಾರ್ಲಾ ಎದ್ದಳು. ಮೊಣಕಾಲು ಹಿಡಿದುಕೊಂಡು, ಜನರ ಕಾಲು ತುಳಿದುಕೊಂಡು, ಬೈಗುಳ ತಿಂದುಕೊಂಡು ಮೆಟ್ಟಿಲಿಳಿದಳು. ಕೆಳಗೆ ಕಾವಲಿನವನು ಅಡ್ಡ ನಿಂತ.

"ಮುಂದೆ ಹೋಗೋಂಗಿಲ್ಲ ಅಮ್ಮಾ."

"ನನ್ನ ಮೊಮ್ಮಗಳಪ್ಪಾ ಅಲ್ಲಿರೋದು!"

"ಎಲ್ಲರ ಮೊಮ್ಮಕ್ಕಳೂ ಅಲ್ಲೇ ಇದಾರೆ" ಎಂದು ಅವನು ನಕ್ಕ. ಆಮೇಲೆ ಗುರುತು ಹಿಡಿದು, "ಅಯ್ಯೋ, ನೀವಾ! ನಿಮ್ಮ ಕಾಲ್ಗುಣ ಅಮ್ಮಾ, ಇವತ್ತು ಗೆದ್ದಂಗೇ" ಎಂದ.

ಡಾರ್ಲಾ ಬ್ರಿನ್ ಹೆಸರು ಹಿಡಿದು ಗಂಟಲು ಹರಿಯುವ ಹಾಗೆ ಕೂಗಿದಳು. ಬ್ರಿನ್ ತಿರುಗಿ ನೋಡಿದಳು. ಅಜ್ಜಿ ಹುರಿದುಂಬಿಸುತ್ತಿದ್ದಾಳೆಂದುಕೊಂಡು ಎರಡೂ ಕೈ ಎತ್ತಿ ಬೀಸಿ, ಇನ್ನೊಂದು ಕಾಲನ್ನೂ ಬೇಲಿಗೆ ಹಾಕಿದಳು. ಲಯ್ಲ್ ನೆಲದ ಮೇಲೆ ತಿರುಚಿಕೊಂಡು ಬಿದ್ದದ್ದು, ಅವನ ಬಾಯಿಂದ ಸ್ವರವೇ ಹೊರಡದಿದ್ದದ್ದು, ಎಲ್ಲ ಡಾರ್ಲಾಳ ಕಣ್ಣೆದುರು ಬಂತು. ಹುಟ್ಟಿದಂದಿನಿಂದ ಹಸಿರು ಬಣ್ಣವನ್ನೇ ಉಟ್ಟ ಹೆಂಗಸು ಅವಳು. ಆ ಗಳಿಗೆಯಲ್ಲಿ ದೇವರೇ, ಚೆಂಡು ತಪ್ಪಿಹೋಗಲಿ ಎಂದು ಬೇಡಿಕೊಂಡಳು.

ಹುಡುಗ ಒದ್ದ. ಚೆಂಡು ಎದ್ದಿತು. ನೆಟ್ಟಗೆ ಹೊರಟದ್ದು ಕೊನೆಯಲ್ಲಿ ಎಡಕ್ಕೆ ವಾಲಿ, ಕಂಬದ ಆಚೆ ಬಿತ್ತು.

ಇಡೀ ಮೈದಾನಕ್ಕೆ ಸೂತಕ ಬಡಿದಂತಾಯಿತು. ಆ ಮೌನದಲ್ಲಿ ಒಂದೇ ಒಂದು ಚಪ್ಪಾಳೆ ಕೇಳಿಸಿತು. "ತಪ್ತು! ತಪ್ಪೇಹೋಯ್ತು!" ಎಂದು ಡಾರ್ಲಾ ಪಿಟ್ಮನ್ ಅಳುತ್ತ, ನಗುತ್ತ, ಕೈತಟ್ಟುತ್ತಿದ್ದಳು. ಸಾಲುಸಾಲು ಮುಖಗಳು ಅವಳ ಕಡೆ ತಿರುಗಿದವು. ಯಾವನೋ "ಥೂ" ಎಂದ.

ಹೋಬರ್ಟ್ ಇಳಿದು ಬಂದು ಅವಳ ತೋಳು ಹಿಡಿದ. "ಡಾರ್ಲಾ, ತಲೆ ಕೆಟ್ಟಿದೆಯಾ? ಸೋತಿದ್ದು ನಾವು ಕಣೇ."

ಅಷ್ಟರಲ್ಲಿ ಬ್ರಿನ್ ಬಂದಳು, ಕೆನ್ನೆಯ ಹಸಿರೆಲ್ಲ ಕಣ್ಣೀರಿಗೆ ಕಲಸಿಹೋಗಿತ್ತು. "ಎಲ್ರೂ ನೋಡ್ತಿದಾರೆ ಅಜ್ಜಿ! ಚಪ್ಪಾಳೆ ತಟ್ಟಿದ್ಯಾ ನೀನು?"

"ತಟ್ಟಿದೆ. ನಿಮ್ಮಜ್ಜನ ಸೊಂಟದ ಮೇಲೆ ಬಿದ್ದದ್ದು ಆ ಕಂಬಾನೇ ಕಣೇ ಮಗೂ. ನನ್ನನ್ನ ಇಳಿಸೋಕೆ ಬಂದಿದ್ರು. ನಾನು ಮೇಲೆ ಕೂತು ಹೆದರಿ ಚೀರ್ತಿದ್ದೆ."

ಹೋಬರ್ಟ್‌ನ ಕೈ ಡಾರ್ಲಾಳ ತೋಳಿನಿಂದ ಜಾರಿತು.

"ಮೆಟ್ಟಿಲ ಮೇಲೆ ಜಾರಿದ್ದಲ್ವಾ ಲಯ್ಲ್?" ಎಂದು ಕೇಳಿದ.

ಡಾರ್ಲಾ ಅಲ್ಲವೆಂದು ತಲೆಯಾಡಿಸಿದಳು. ಈಗ ಅವಳಿಗೆ ಹೋಬರ್ಟ್‌ನ ಮುಖ ನೋಡಲು ಭಯವಾಯಿತು. ಅವನು ತನ್ನ ಎರಡು ಕೈಗಳನ್ನೇ ನೋಡಿಕೊಂಡ. ವಾರಕ್ಕೊಂದು ಸಲ ಲಯ್ಲ್‌ನ ಗಡ್ಡ ಹೆರೆದ ಕೈಗಳು ಅವು.

"ಒಂದು ದಿನಾನೂ ಹೇಳ್ಲಿಲ್ವಲ್ಲೋ, ಮಾರಾಯ" ಎಂದ ಹೋಬರ್ಟ್, ಅಲ್ಲಿಲ್ಲದ ಗೆಳೆಯನಿಗೆ. ಆಮೇಲೆ ಬ್ರಿನ್ ಕಡೆ ತಿರುಗಿದ. "ಮುಂದಿನ ಸಲ ಗೆಲ್ತೀವಿ ಪುಟ್ಟಾ. ಗೆದ್ರೂ ಆ ಕಂಬದ ಹತ್ರ ಹೋಗ್ಬೇಡ. ಯಾರಾದ್ರೂ ಕೈ ಹಾಕಿದ್ರೆ ನನ್ನ ಕರಿ."