ಐದು ಗಂಟೆಯೊಳಗಿನ ಹೋಮ್‌ವರ್ಕ್

ಠಾಣೆಯ ನಮ್ಮ ಕನ್ನಡ ಶಾಲೆಯ ಐದನೇ ತರಗತಿಗೆ ವಾಟ್ಸಾಪ್ ಗ್ರೂಪ್ ಮಾಡಿದಾಗ ನಾನು ಹಾಕಿದ ನಿಯಮ ಎರಡೇ. ಗುಡ್ ಮಾರ್ನಿಂಗ್ ಚಿತ್ರಗಳು ಬೇಡ; ಬೆಳಿಗ್ಗೆ ನಾನು ಗ್ರೂಪಿನಲ್ಲಿ ಹಾಕುವ ಹೋಮ್‌ವರ್ಕ್ ಬರೆದು ಸಂಜೆ ಐದರೊಳಗೆ ಫೋಟೋ ಕಳಿಸಬೇಕು. ನಾನು ಕಾನ್ವೆಂಟಿನಲ್ಲಿ ಕಲಿತವಳು; ಐದು ಎಂದರೆ ಐದು.

ಎರಡು ವಾರ ಎಲ್ಲರಿಗಿಂತ ಮೊದಲು ಬರುತ್ತಿದ್ದದ್ದು ಸವಿತಾಳ ಉತ್ತರ. ಅಕ್ಷರ ಮಾತ್ರ ಕೆಟ್ಟದಾಗಿರುತ್ತಿತ್ತು. ಹತ್ತಕ್ಕೆ ಏಳು ಕೊಟ್ಟು, ‘ಅಕ್ಷರ ಸುಧಾರಿಸಲಿ’ ಎಂದು ಗ್ರೂಪಿನಲ್ಲೇ ಬರೆಯುತ್ತಿದ್ದೆ. ಒಂದು ದಿನ, ‘ನೀರು ಉಳಿಸಲು ನೀನು ಏನು ಮಾಡುತ್ತೀ?’ ಎಂದು ಕೇಳಿದೆ. ‘ದಾಡಿ ಮಾಡಿಕೊಳ್ಳುವಾಗ ನಲ್ಲಿ ಬಂದ್ ಮಾಡುತ್ತೇನೆ’ ಎಂದು ಹತ್ತು ವರ್ಷದ ಸವಿತಾಳ ಉತ್ತರ ಬಂತು.

ತಂದೆಯನ್ನು ಕರೆಸಿದೆ. ಕಲಬುರಗಿ ಕಡೆಯವರು, ಪಕ್ಕದ ರಬಾಳೆಯ ಕಾರ್ಖಾನೆ ಪ್ರದೇಶದಲ್ಲಿ ಲೋಡಿಂಗ್ ಕೆಲಸ.

“ಇದನ್ನು ಬರೆದದ್ದು ಯಾರು?”

“ನಾನೇ ರೀ ಮೇಡಂ. ಇರೋದು ಒಂದೇ ಫೋನು, ಅದು ನನ್ನ ಕಿಸೇದಾಗ ಇರ್ತದ. ನಾ ಮನಿ ಮುಟ್ಟೋದು ಎಂಟಕ್ಕ. ನೀವು ಐದರೊಳಗ ಅಂದೀರಿ. ಅದಕ್ಕ ಊಟದ ಟೈಮಿನಾಗ ಕುಂತು ಬರದು ಕಳಸ್ತೀನಿ.”

“ಹೋಮ್‌ವರ್ಕ್ ಮಗಳಿಗೆ, ನಿಮಗಲ್ಲ. ಈ ಮಾರ್ಕ್ಸ್ ಎಲ್ಲ ರದ್ದು. ಅವಳೇ ಮತ್ತೆ ಬರೆಯಬೇಕು.”

“ಬರೀಲಿ ರೀ. ಆದ್ರ ಮೂರು ಮಾರ್ಕ್ಸ್ ಯಾಕ ಕಟ್ ಮಾಡೀರಿ? ಉತ್ತರ ಬರೋಬ್ಬರಿ ಇದ್ವಲ್ಲ. ಮನ್ಯಾಗ ಮಗಳು ನಗ್ತಾಳ್ರಿ.”

ಗಡುವನ್ನು ಮರುದಿನ ಬೆಳಿಗ್ಗೆ ಏಳಕ್ಕೆ ಬದಲಿಸಿದೆ. ಈಗ ಸವಿತಾಳ ಉತ್ತರ ದುಂಡಗಿನ ಅಕ್ಷರದಲ್ಲಿ ಬರುತ್ತದೆ. ಅದಕ್ಕೂ ಮೊದಲು, ಮಧ್ಯಾಹ್ನವೇ, ತಂದೆಯದ್ದೂ ಒಂದು ಬಂದಿರುತ್ತದೆ. ಅದನ್ನೂ ತಿದ್ದುತ್ತೇನೆ. ಹೋದ ವಾರ ಎಂಟು ಕೊಟ್ಟೆ. ಅದಕ್ಕಿಂತ ಹೆಚ್ಚು ಕೊಡುವಂಥ ಅಕ್ಷರವಲ್ಲ.