ಬಸ್ಸಿನ ಹಂದರಕ್ಕೆ ಅವನು ಕಟ್ಟಿದ ಹಗ್ಗ

ನಾನು ನಿಂತಿದ್ದು ಮುಂಡರಗಿಯ ಸಂತೆಯಲ್ಲಿ, ನಮ್ಮ ಬಸ್ಸಿನ ಎಡಮಗ್ಗುಲಲ್ಲಿ, ಹಿಂದಿನ ಗಾಲಿಗೆ ಬೆನ್ನು ತಾಗುವಷ್ಟು ಹತ್ತಿರ. ಕೈಯಲ್ಲಿ ಹಂದರ ಸುತ್ತುವ ಕಬ್ಬಿಣದ ಹಿಡಿಕೆ ಇತ್ತು. ಮಳೆಗಾಲ ಇನ್ನೂ ಹಿಡಿದಿರಲಿಲ್ಲ. ಮಧ್ಯಾಹ್ನದ ಊಟ ಮುಗಿದು ಗಿರಾಕಿಗಳು ಮತ್ತೆ ಬರತೊಡಗುವ ಹೊತ್ತು. ಗದಗ ಬೇರೆ ಜಿಲ್ಲೆಯಾಗಿ ಎಷ್ಟೋ ವರ್ಷ ಕಳೆದಿದ್ದರೂ ಸಂತೆಯ ಮಂದಿಯ ಬಾಯಲ್ಲಿ ಅದಿನ್ನೂ ಹೊಸ ಜಿಲ್ಲೆಯೇ ಆಗಿದ್ದ ಕಾಲ. ನನಗೂ ಅಣ್ಣನಿಗೂ ನಡುವೆ ಹಂದರದ ಉದ್ದದಷ್ಟು ದೂರ. ಅಣ್ಣನಿಂದ ಪಕ್ಕದ ಅಂಗಡಿಯವನು ಕೂಡುವ ಗಾದಿಗೆ ಅದರ ಅರ್ಧವೂ ಇಲ್ಲ. ಈ ದೂರಗಳನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಅವನು ಆಮೇಲೆ, ನಾವು ಕೂಗಿದ್ದು ತನಗೆ ಕೇಳಿಸಲೇ ಇಲ್ಲ ಎಂದ.

ಅವನು ಲಕ್ಷ್ಮೇಶ್ವರದ ಬಟ್ಟೆ ವ್ಯಾಪಾರಿ. ಸಂತೆಯಲ್ಲಿ ನಮ್ಮ ಪಕ್ಕದ ಅಂಗಡಿಯವನು. ಹೆಸರು ಬರೆಯುವುದಿಲ್ಲ. ಹೆಸರಿಲ್ಲದಿದ್ದರೂ ಸಂತೆಗೆ ಹೋಗುವವರಿಗೆ ಗೊತ್ತಾಗುತ್ತದೆ. ಗೊತ್ತಾಗಲಿ ಎಂದೇ ಬರೆಯುತ್ತಿದ್ದೇನೆ.

ನಾವು ಬೆಟಗೇರಿಯ ನೇಕಾರರು. ಅಣ್ಣ ನೇಯುತ್ತಿದ್ದ, ನಾನು ಮಾರುತ್ತಿದ್ದೆ. ಒಂದು ಶಾಲೆಯವರು ಮೂಲೆಗೆ ಹಾಕಿದ್ದ ಬಸ್ಸನ್ನು ಕೊಂಡು, ಸೀಟು ಕೀಳಿಸಿ, ಸೀರೆ ಇಡಲು ಹಲಗೆ ಹೊಡೆಸಿದೆವು. ಹಿಂಬದಿಯಲ್ಲಿ ಇಬ್ಬರು ಮಲಗುವಷ್ಟು ಜಾಗ, ಒಂದು ಸ್ಟೋವು, ನೀರಿನ ಕೊಡ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಸಂತೆಗಳಿಗೆ ಅದರಲ್ಲೇ ತಿರುಗಾಟ. ಸಂತೆಯ ದಿನ ಅಣ್ಣನೂ ಮಗ್ಗ ಬಿಟ್ಟು ಬರುತ್ತಿದ್ದ. ಇದ್ದ ಕೊರತೆ ನೆರಳಿನದೊಂದೇ. ಹೆಣ್ಣುಮಕ್ಕಳು ಮೆಟ್ಟಿಲು ಹತ್ತಿ ಬಸ್ಸಿನೊಳಗೆ ಬರಲು ಹಿಂಜರಿಯುತ್ತಿದ್ದರು. ಹೊರಗೆ ಹಾಸಿದರೆ ಬಿಸಿಲು.

ಗದಗಿನಲ್ಲಿ ಹೋಟೆಲುಗಳ ಮುಂದೆ ಮಡಚುವ ಪರದೆ ಕೂಡಿಸುವವನೊಬ್ಬನಿದ್ದ. ಅವನು ಅದನ್ನು ಆನಿಂಗ್ ಎಂದ, ನಾವು ಮಡಚೋ ಹಂದರ ಎಂದೆವು. ಬಸ್ಸಿನ ಮೈಗೆ ಒಂದು ಉರುಳೆ ಕೂಡಿಸುತ್ತಾರೆ. ಹಿಡಿಕೆ ತಿರುಗಿಸಿದರೆ ಮೊಣಕೈಯಂತೆ ಮಡಚಿಕೊಂಡಿದ್ದ ಎರಡು ಕಬ್ಬಿಣದ ತೋಳುಗಳು ಸ್ಪ್ರಿಂಗಿನ ಬಲದಿಂದ ಚಾಚಿ, ಮುಂದಿನ ಪಟ್ಟಿಯನ್ನು ದೂಡಿಕೊಂಡು ಹೋಗಿ ಬಟ್ಟೆಯನ್ನು ಬಿಗಿಯಾಗಿ ಹಿಡಿಯುತ್ತವೆ. ಬೇಕಾದರೆ ಆ ಪಟ್ಟಿಗೆ ಕೆಳಗೆ ಎರಡು ಕಾಲು ಕೊಡಬಹುದು. ಮೋಟಾರಿನದೂ ಇತ್ತು. ಅಣ್ಣ ಅದರ ಹತ್ತಿರ ಹೋಗಲಿಲ್ಲ.

ಆ ಪರದೆ ಅಂಗಡಿಯವನು ಕೆಂಪು, ನೀಲಿ ಪಟ್ಟೆಯ ಬಟ್ಟೆಗಳನ್ನು ಹರವಿದ. ಅಣ್ಣ ಚೀಲದಿಂದ ತಾನೇ ನೇಯ್ದ ಹಸಿರು ಸೀರೆ ತೆಗೆದು, ಒಂದೊಂದೇ ಬಟ್ಟೆಯನ್ನು ಬಿಸಿಲಿಗೆ ಎತ್ತಿ ಹಿಡಿಯುವಂತೆ ನನಗೆ ಹೇಳಿ, ಅದರ ನೆರಳಿನಲ್ಲಿ ಸೀರೆ ಒಡ್ಡಿದ. ಕೆಂಪಿನ ಕೆಳಗೆ ಹಸಿರು ಕಪ್ಪಾಯಿತು. ನೀಲಿಯ ಕೆಳಗೆ ಬೇರೆ ಯಾವುದೋ ಸೀರೆಯಾಯಿತು.

"ಬಣ್ಣ ಇಲ್ಲದ್ದು ಕೊಡ್ರಿ" ಎಂದ.

"ಬಿಳೇದು ಹೊಲಸ ಆಗತೈತ್ರೀ. ತಿಂಗಳದಾಗ ಕಾಗಿ ಅದರ ಮ್ಯಾಲ ರಂಗೋಲಿ ಹಾಕತಾವ."

"ಕಾಗಿ ಮ್ಯಾಲಿನ ಮಗ್ಗಲಕ್ಕ ಹಾಕತಾವ, ನಾವು ಕೆಳಗ ಕುಂಡ್ರಾವ್ರು. ಅವಕ್ಕೂ ಒಂದ್ ಉದ್ಯೋಗ ಇರಲಿ ಬಿಡ್ರಿ."

ಆಮೇಲೆ ಕಾಲಿನ ಮಾತು ಬಂತು. ಕಾಲಿದ್ದರೆ ಗಾಳಿಗೆ ಗಟ್ಟಿ ಎಂದು ಅಂಗಡಿಯವನು ಸರಿಯಾಗಿಯೇ ಹೇಳಿದ. ಅಣ್ಣ ಒಪ್ಪಲಿಲ್ಲ.

"ನೀವು ಸಂತಿ ಕಂಡಿಲ್ಲ. ಒಂದ್ ಕಾಲು ನಿಂತ್ರ ಸಾಕು, ನಾಕೂ ಕಡಿಂದ ಹಗ್ಗಾ ಬರತಾವ. ನಾ ಹಂದರ ಮಡಚೂದ್ ಯಾವಾಗ?"

ಸಂತೆಯ ರೂಢಿ ಹಾಗೆ. ಅಲ್ಲಿ ಯಾರ ನೆರಳೂ ಒಂಟಿಯಾಗಿ ನಿಲ್ಲುವುದಿಲ್ಲ. ಇವನ ತಾಡಪತ್ರಿಯ ಹಗ್ಗ ಅವನ ಕಂಬಕ್ಕೆ, ಅವನದು ಅದರಾಚೆಯವನ ಗೂಟಕ್ಕೆ. ಕಟ್ಟುವ ಮುಂಚೆ "ಕಟ್ಲೇನ್ರಿ?" ಎಂದು ಕೇಳಬೇಕು. ಕೇಳಿದವರಿಗೆ ಯಾರೂ ಬೇಡ ಅನ್ನುವುದಿಲ್ಲ. ಕಟ್ಟಿದವನೇ ಬಂದು ಬಿಚ್ಚಬೇಕು. ಒಬ್ಬನ ಗಂಟಿಗೆ ಇನ್ನೊಬ್ಬ ಕೈ ಹಚ್ಚಿದರೆ ‘ನಿನ್ನ ಅಂಗಡಿ ಎತ್ತು’ ಅಂದ ಹಾಗೆ. ಅಷ್ಟಕ್ಕೇ ಮಾತು ಬಿಟ್ಟ ಮನೆತನಗಳಿವೆ. ಇದೆಲ್ಲ ಬೇಡವೆಂದೇ ಅಣ್ಣ ಕಾಲಿಲ್ಲದ ಹಂದರ ಆರಿಸಿದ.

ಅದು ಬಂದ ಮೇಲೆ ಒಂದು ಸಂಗತಿ ನಡೆಯಿತು. ಪಕ್ಕದವನದು ನೀಲಿ ತಾಡಪತ್ರಿ. ಅದರ ಕೆಳಗೆ ಮಾಸಿದ ಸೀರೆಯೂ ತುಂಬಿದ ಬಣ್ಣದ್ದಾಗಿ ಕಾಣುತ್ತಿತ್ತು. ಕೆಲವು ಹೆಣ್ಣುಮಕ್ಕಳು ಅವನಲ್ಲಿ ಕೊಂಡ ಸೀರೆಯನ್ನು ನಮ್ಮ ನೆರಳಿಗೆ ತಂದು ನೋಡಿದರು. ನೋಡಿ, ತಿರುಗಿ ಕೊಡಲು ಹೋದರು. ನಾವು ಯಾರನ್ನೂ ಕರೆದಿರಲಿಲ್ಲ. ಅವನ ಮುಖ ಮಾತ್ರ ಆ ವಾರದಿಂದ ಬೇರೆಯಾಯಿತು.

ನಾನು ಹೇಳುತ್ತಿರುವ ದಿನ, ಬೆಳಿಗ್ಗೆ, ಅವನು ಹಗ್ಗ ಹಿಡಿದು ಬಂದ. ಆಚೆ ಕಡೆ ಅವನಿಗೆ ಬೇಕಾದಷ್ಟು ಕಂಬಗಳಿದ್ದವು.

"ಕಟ್ಲೇನ್ರಿ?"

"ಸಾವ್ಕಾರ್ರ, ಇದು ಕಂಬ ಅಲ್ಲ. ಗಾಳಿ ಬಂದ್ರ ಜಲ್ದಿ ಸುತ್ತಬೇಕಾಗತೈತಿ" ಎಂದ ಅಣ್ಣ.

"ಆಗ ಒಂದ್ ಮಾತು ಕರೀರಲಾ, ಬಂದು ಬಿಚ್ಚತೇನಿ. ನಾ ಏನ್ ಊರು ಬಿಟ್ಟು ಹೊಕ್ಕೇನಿ?"

ಅಣ್ಣನಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ಅವನು ಹಂದರದ ಮುಂದಿನ ಪಟ್ಟಿಗೆ, ಅಣ್ಣ ಕೂಡುವ ಕಡೆಯ ತುದಿಗೆ, ಹಗ್ಗ ಬಿಗಿದು ಹೋದ.

ಮಧ್ಯಾಹ್ನ ಕಪ್ಪತಗುಡ್ಡದ ಕಡೆ ಆಕಾಶ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿತು. ನಾನು ಹಿಡಿಕೆ ತಿರುಗಿಸಿದೆ. ನನ್ನ ಕಡೆಯ ತುದಿ ಒಳಗೆ ಬಂತು. ಅಣ್ಣನ ಕಡೆಯದನ್ನು ಹಗ್ಗ ಹಿಡಿದುಕೊಂಡಿತ್ತು. ಪಟ್ಟಿ ಸೊಟ್ಟಗಾದದ್ದು ಕಂಡು ನಿಲ್ಲಿಸಿದೆ.

"ಸಾವ್ಕಾರ್ರ, ಗಾಳಿ ಬಂತು! ಹಗ್ಗಾ ಬಿಚ್ಚಿಕೋರಿ!" ಎಂದು ಅಣ್ಣ ಕೂಗಿದ.

ಗಾಳಿ ಇನ್ನೂ ಸಂತೆಗೆ ತಲುಪಿರಲಿಲ್ಲ. ಆ ಕ್ಷಣದಲ್ಲಿ ಗದ್ದಲವೇನೂ ಇರಲಿಲ್ಲ. ಎಲ್ಲರೂ ಆಕಾಶ ನೋಡುತ್ತಿದ್ದರು. ಅವನು ಗಾದಿಯ ಮೇಲೆ ಕುಳಿತು ಹಿರೇಹಂದಿಗೋಳದ ಹೆಣ್ಣುಮಗಳೊಬ್ಬಳಿಗೆ ಕುಪ್ಪಸದ ಬಟ್ಟೆ ಅಳೆಯುತ್ತಿದ್ದ. ಅಣ್ಣ ಮತ್ತೆ ಕೂಗಿದ. ಅವನು ತಲೆ ಎತ್ತಿದ. ಅಣ್ಣನನ್ನು ನೋಡಿದ. ಬಲಗೈಯಲ್ಲಿ ಗಜಕಡ್ಡಿ ಇತ್ತು. ಎಡಗೈ ಎತ್ತಿ, ಅಂಗೈ ನಮ್ಮ ಕಡೆ ತೋರಿಸಿದ. ತಡೆಯಿರಿ ಅನ್ನುವಂತೆ. ಮತ್ತೆ ಬಟ್ಟೆಯ ಮೇಲೆ ಕಡ್ಡಿ ಇಟ್ಟ. ಇದು ನಾನು ಕಣ್ಣಾರೆ ಕಂಡದ್ದು. ಕೇಳಿಸದವನು ಕೈ ಎತ್ತುವುದಿಲ್ಲ.

ಎದುರಿಗೆ ಉಳ್ಳಾಗಡ್ಡಿ ಹಾಕಿಕೊಂಡು ಕುಳಿತಿದ್ದ ಅಂತೂರ ಬೆಂತೂರದ ರೈತ ಎದ್ದು ನಿಂತ. "ಅಣ್ಣಾರ, ಏನ್ ಮಾರಿ ನೋಡಾಕತ್ತೀರಿ? ಕುಡಗೋಲ ಐತಿ, ಕೊಯ್ದ ಒಗೀರಿ ಅದನ್ನ!"

ನಾನು ಹಿಡಿಕೆ ಬಿಟ್ಟು ಒಂದು ಹೆಜ್ಜೆ ಇಟ್ಟೆ. ಅಣ್ಣ ಕೈ ಅಡ್ಡ ಮಾಡಿದ. "ಬ್ಯಾಡೋ. ಅವ್ರ ಗಂಟು. ಬರ್ತಾರ ತಡಿ."

ಅಣ್ಣ ಆಡಿದ ಆ ಮಾತು ಮುಗಿಯುವಷ್ಟರಲ್ಲಿ ಗಾಳಿ ಬಂತು. ಹಂದರದ ಬಟ್ಟೆ ಕೆಳಗಿನಿಂದ ಉಬ್ಬಿ ಮೇಲೆದ್ದಿತು. ಹಗ್ಗ ಬಿಗಿಯಿತು, ಪಟ್ಟಿ ತಿರುಚಿತು, ಅಣ್ಣನ ಕಡೆಯ ತೋಳಿನ ಮೊಣಕೈ ಒಡೆದು ಸ್ಪ್ರಿಂಗು ಒಮ್ಮೆಲೆ ಬಿಡುಗಡೆಯಾಯಿತು. ಆ ಕಬ್ಬಿಣ ಅಣ್ಣನ ಬಲ ಭುಜಕ್ಕೆ ಬಡಿಯಿತು. ಅಣ್ಣ ಅಲ್ಲೇ ಹಾಸಿದ ಸೀರೆಗಳ ಮೇಲೆ ಮೆಲ್ಲಗೆ ಕುಳಿತ. ಹಗ್ಗದ ಗಂಟು ಮಾತ್ರ ಹಾಗೇ ಇತ್ತು.

ಮೂಳೆ ಕೂಡಿತು. ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಲಾಳಿ ಓಡಿಸಲು ಬಲಗೈಯಿಂದ ಹಗ್ಗ ಜಗ್ಗಬೇಕು, ಅದು ಆಗಲಿಲ್ಲ. ಅಣ್ಣನ ಮಗ್ಗ ಅಲ್ಲಿಗೆ ನಿಂತಿತು.

ಆ ವ್ಯಾಪಾರಿ ಮನೆಗೆ ಬಂದ. ಮೂಸಂಬಿ ತಂದಿದ್ದ. ನಮ್ಮ ಮನೆಯ ಚಹಾ ಕುಡಿದ. "ನೀವು ಕೂಗಿದ್ದು ಕಿವಿಗೆ ಬೀಳಲೇ ಇಲ್ಲ ನೋಡ್ರಿ. ಬಿದ್ದಿದ್ರ ಓಡಿ ಬರ್ತಿದ್ದಿಲ್ಲೇನು?" ಎಂದ. ಅಣ್ಣ "ಆತು ಬಿಡ್ರಿ" ಎಂದ. ಸಂತೆಯ ಹಿರಿಯರ ಮುಂದೆಯೂ ಅವನು ಕೇಳಿಸಲಿಲ್ಲ ಎಂದೇ ಹೇಳಿದ. ಜೊತೆಗೆ, ಕಾಲಿಲ್ಲದ ಹಂದರ ತಂದವರದೇ ತಪ್ಪು, ಶೋಕಿ ಮಾಡಲು ಹೋಗಿ ಕೈ ಮುರಿದುಕೊಂಡರು ಎಂದ. ಮಂದಿ ಅದನ್ನೇ ನಂಬಿದರು. ನಂಬುವುದು ಸುಲಭವಾಗಿತ್ತು.

ಎರಡನೇ ಹಂದರ ಆರಿಸಲು ಗದಗಿನ ಆ ಅಂಗಡಿಗೆ ನಾನೊಬ್ಬನೇ ಹೋದೆ. ಅದೇ ಬಣ್ಣವಿಲ್ಲದ ಬಟ್ಟೆ. ಬಸ್ಸಿನ ಉದ್ದಕ್ಕೂ ಬರುವಂಥದು, ಮೊದಲಿನದಕ್ಕಿಂತ ಮುಂದಕ್ಕೆ ಚಾಚುವಂಥದು. ಕಾಲು ಇರಲಿ ಎಂದೆ.

"ಇಷ್ಟ ದೊಡ್ಡದು ಏನ್ ಮಾಡ್ತೀರಿ?"

"ಪಕ್ಕದವರ ಗಿರಾಕಿಗೂ ನೆರಳು ಬೇಕಲ್ರಿ."

ನಸುಕಿನಲ್ಲೇ ಹೋಗಿ ಪ್ರತಿ ಸಂತೆಯಲ್ಲೂ ಅವನ ಪಕ್ಕದ ಜಾಗ ಹಿಡಿಯತೊಡಗಿದೆ. ಶಿರಹಟ್ಟಿಯಲ್ಲಿ ಅವನ ಹಗ್ಗ ಬಂತು. "ಕಟ್ಲೇನ್ರಿ?"

"ಬ್ಯಾಡ್ರಿ."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆ ಉತ್ತರವನ್ನು ಅವರು ಸಂತೆಯಲ್ಲಿ ಕೇಳಿರಲಿಲ್ಲ. ಅವನು ಹಗ್ಗ ಸುತ್ತಿಕೊಂಡು ಹೋದ. ನನಗೆ ಹಿತವಾಯಿತು.

ಆಮೇಲೆ ನಾನು ಹೆಣ್ಣುಮಕ್ಕಳನ್ನು ಕರೆಯತೊಡಗಿದೆ. "ಬರ್ರೆವ್ವಾ, ಎಲ್ಲೇ ತಗೊಂಡಿರ್ರಿ, ಇಲ್ಲೆ ಹಿಡದು ನೋಡ್ರಿ. ನಮ್ಮ ಕಡೆ ತಗೋಬೇಕಂತಿಲ್ಲ." ಅವನ ಗಾದಿಯಿಂದ ನಾಲ್ಕು ಹೆಜ್ಜೆಗೆ ಬೆಳಕು ಬದಲಾಗುತ್ತಿತ್ತು. ಸೀರೆ ಹಿಡಿದು ಬಂದವರು ನೋಡಿ, ತಿರುಗಿ ಕೊಡಲು ಅವನ ಕಡೆ ನಡೆಯುತ್ತಿದ್ದರು. ನಾನು ಒಂದು ಸುಳ್ಳನ್ನೂ ಹೇಳಲಿಲ್ಲ, ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಅವನು ಹಳದಿ ತಾಡಪತ್ರಿ ತಂದ. ಅದು ಇನ್ನೊಂದು ಬಗೆಯ ಸುಳ್ಳು. ಅಣ್ಣ ಎಡಗೈಯಿಂದ ಸೀರೆ ಮಡಚುತ್ತ "ಸಾಕು ಬಿಡೋ ತಮ್ಮಾ" ಎನ್ನುತ್ತಿದ್ದ. ನಾನು ಬಿಡಲಿಲ್ಲ.

ಕೊನೆಗೆ ಲಕ್ಷ್ಮೇಶ್ವರದಲ್ಲಿ, ಅವನದೇ ಊರಿನ ಸಂತೆಯಲ್ಲಿ, ಅವನು ನಮ್ಮ ನೆರಳಿಗೆ ಬಂದು ನಿಂತ.

"ನಿನಗೇನ್ ಬೇಕಪಾ? ಹೇಳಿಬಿಡು."

"ಕೂಗಿದ್ದು ಕೇಳಿತ್ತು ಅನ್ರಿ. ಹಿರ್‍ಯಾರ ಮುಂದ ನಿಂತು ಅನ್ರಿ. ನಾಳಿಂದ ನಾ ಬ್ಯಾರೆ ಸಾಲಿಗೆ ಹೊಕ್ಕೇನಿ."

ಅವನು ಅಣ್ಣನ ಕಡೆ ನೋಡಿದ. ಆ ಕೈಯ ಕಡೆಯೂ ನೋಡಿದ. ಒಂದು ಗಳಿಗೆ, ಅಂದೇಬಿಡುತ್ತಾನೆ ಎಂದು ನನಗನಿಸಿತು.

"ಕೇಳಿರಲಿಲ್ಲ" ಎಂದ.

"ಹಂಗಾರ ನಾನೂ ಇಲ್ಲೇ ಇರ್ತೀನಿ."

ಅವನು ಮೊದಲು ಶಿರಹಟ್ಟಿ ಬಿಟ್ಟ, ಆಮೇಲೆ ಮುಂಡರಗಿ, ಕಡೆಗೆ ತನ್ನೂರಿನ ಸಂತೆಯನ್ನೂ. ಈಗ ಮನೆಯ ಮುಂದಿನ ಅಂಗಡಿಯಲ್ಲಿ ಕೂಡುತ್ತಾನಂತೆ. ಇದರಿಂದ ಅಣ್ಣನ ಕೈ ಮೇಲೇಳಲಿಲ್ಲ. ಆದರೂ ನನಗೆ ಪಶ್ಚಾತ್ತಾಪವಿಲ್ಲ. ಆ ಒಂದು ಮಾತನ್ನು ಅವನು ಹೇಳದೆ ಹೋದದ್ದರಿಂದ ನಾನು ಇಲ್ಲಿ ಹೇಳಿದ್ದೇನೆ. ನನ್ನನ್ನು ನಂಬದವರು ಕೇಳಲು ಇನ್ನೂ ಮಂದಿ ಇದ್ದಾರೆ.

ಕೋಟುಮಚಗಿಯ ಬಳೆಗಾರ್ತಿ, ಆ ದಿನ ಅವನ ಗಾದಿಯ ನೇರ ಎದುರಿಗೆ ಕುಳಿತಿದ್ದವಳು, ಈಗಲೂ ಸಂತೆಗೆ ಬರುತ್ತಾಳೆ. ಅಂತೂರ ಬೆಂತೂರದ ಆ ರೈತ ಇದ್ದಾನೆ. ಕುಪ್ಪಸದ ಬಟ್ಟೆ ಅಳೆಸುತ್ತಿದ್ದ ಹಿರೇಹಂದಿಗೋಳದ ಹೆಣ್ಣುಮಗಳು ಇದ್ದಾಳೆ. ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ತಾನಾಗಿಯೇ ನನ್ನ ಹತ್ತಿರ ಬಂದು "ನನಗ ಕೇಳಿತ್ರೀ ಅಣ್ಣಾರ" ಎಂದಳು. ಅಣ್ಣ ಇದ್ದಾನೆ. ಅಂಗೈ ತೋರಿಸಿದ ಅವನೂ ಇದ್ದಾನೆ, ಎಲ್ಲರಿಗಿಂತ ಹತ್ತಿರದಿಂದ ನೋಡಿದವನು.