ರೇಡಿಯೇಟರಿನೊಳಗೆ ಮಜ್ಜಿಗೆ

ಗೆಳೆಯರೇ, ಎರಡನೇ ಮಹಾಯುದ್ಧಕ್ಕೂ ಮುಂಚಿನ ನನ್ನ ಎರಡು ಸೀಟಿನ ರೇಸ್ ಕಾರಿಗೆ ಬೇರೆ ಕಂಪನಿಯ ರೇಡಿಯೇಟರನ್ನು ಇವತ್ತು ಅಂಗಳದಲ್ಲೇ, ಅರದಿಂದ ಉಜ್ಜಿ ಉಜ್ಜಿ, ಕೂರಿಸಿಯೇಬಿಟ್ಟೆ! ಬಾವಿಯಿಂದ ನೀರು ತರುವಷ್ಟರಲ್ಲಿ ಸೋದರತ್ತೆ ಅದನ್ನು ತುಂಬಿಸಿ ಮುಚ್ಚಳ ಹಾಕಿದ್ದರು. ನೀರೇ ಇರಬೇಕೆಂದು ಗಜೇಂದ್ರಗಡದಿಂದ ಸೂಡಿಯ ಕಡೆ ಹಾರಿಸಿಕೊಂಡು ಹೊರಟೆ. ಅರ್ಧ ದಾರಿಯಲ್ಲಿ ಮುಚ್ಚಳ ಚಿಮ್ಮಿತು. ಮುಂದಿನ ಗಾಜಿನ ತುಂಬ ಕುದಿಯುವ ಮಜ್ಜಿಗೆ! ಎದುರು ಬಂದ ಚಕ್ಕಡಿಯವನು ಮೂಗರಳಿಸಿ, "ಸಾವ್ಕಾರ್ರ, ಇಂಗಿನ ವಾಸನಿ ಘಮ್ಮ ಅನ್ನಾಕತ್ತೈತ್ರಿ" ಎಂದ. ಅವನ ಎತ್ತುಗಳಿಂದಲೇ ಕಾರು ಎಳೆಸಿಕೊಂಡು ಬಂದು ಮನೆಯಲ್ಲಿ ಕೂಗಾಡಿದೆ.

"ಕಾದ ಹೊಟ್ಟಿಗೆ ಮಜ್ಜಿಗಿ ತಂಪಲ್ಲೇನೋ?" ಎಂದ ಅತ್ತೆ, ಗಾಜಿಗಂಟಿದ ಗಂಟುಗಳನ್ನು ನೋಡಿ, "ಮಜ್ಜಿಗಿ ಒಡದೈತಿ! ಕುದಿಯೂ ಮುಂದ ಕೈಯಾಡಸಬೇಕಿತ್ತು" ಎಂದರು.

ತಪ್ಪು ನನ್ನದೇ. ಸ್ಪ್ಯಾನರ್ ಒಯ್ದಿದ್ದೆ, ಸೌಟು ಮರೆತಿದ್ದೆ.